ಬುರ್ಮಾಕಾನ್ ಬಾಯಿ ತೆರೆದದ್ದು

ಬಾವುಟದ ಕಂಬಕ್ಕೆ ಹಗ್ಗ ಟಪಟಪ ಬಡಿಯುತ್ತಿದೆ, ಗಾಳಿ ನರೀನ್ ನದಿಯ ಕಡೆಯಿಂದ, ಜೊತೆಗೆ ಯಾರದೋ ಬಾಣಲೆಯಲ್ಲಿ ಬೋರ್ಸೋಕ್ ಹಿಟ್ಟಿನುಂಡೆ ಕರಿಯುವ ವಾಸನೆ — ಬರೀ ಚಹಾ ಕುಡಿದು ಬಂದದ್ದು ತಪ್ಪಾಯಿತು, ಊರಿನ ಮುಖ್ಯಸ್ಥೆ ಬುರ್ಮಾಕಾನಳ ಹೊಟ್ಟೆ ಗುರ್ ಎನ್ನುತ್ತಿದೆ, ಇನ್ನೈದು ನಿಮಿಷಕ್ಕೆ ಹೊಸ ಶಾಲೆಯ ಉದ್ಘಾಟನೆ, ಮೊದಲು ರಾಷ್ಟ್ರಗೀತೆ, ಹಾಡಬೇಕೋ, ತುಟಿ ಆಡಿಸಿದರೆ ಸಾಕೋ, ಹೋದ ವರ್ಷ ಆಡಿಸಿದ್ದನ್ನು ಯಾರೋ ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದ್ದರು, ನೋಡ್ರಪ್ಪಾ ನಮ್ಮಕ್ಕ ಚೂಯಿಂಗ್ ಗಮ್ ಅಗೀತಾವ್ಳೆ, ಗಂಡ ಜುಮಾಲಿ ಬಿದ್ದು ಬಿದ್ದು ನಕ್ಕ, ಹಾಡೋದು ಹಾಡುಗಾರರ ಕೆಲಸ ಕಣೇ, ನೀನು ಮನೆಮನೆಗೆ ನೀರು ತಂದಿದೀಯ, ಅಷ್ಟು ಸಾಲ್ದಾ, ಅತ್ತೆ ಮಾತ್ರ ಬಿಡಲಿಲ್ಲ — ದೇಶದ ರೊಟ್ಟಿ ತಿನ್ನೋಕೆ ಬಾಯಿ ತೆಗೀತೀಯ, ಹಾಡೋಕೆ ಬೀಗವಾ, ಅಲ್ಲತ್ತೆ ನನ್ನ ಸ್ವರ, ಗೊತ್ತು ಬಿಡೇ, ನೀನು ಜೋಗುಳ ಹಾಡಿದ್ರೆ ಮಲಗಿದ್ದ ಮಗೂನೂ ಎದ್ದು ಕೂರ್ತಿತ್ತು, ಹಾಗಂತ ನಿಲ್ಲಿಸಿದ್ಯಾ. ನಿಲ್ಲಿಸಿರಲಿಲ್ಲ, ನಿಜ. ಮೂರನೇ ಕ್ಲಾಸಿನ ಹಾಡಿನ ಮೇಷ್ಟ್ರು ಕಿವಿಯಲ್ಲಿ ಹೇಳಿದ್ದರು, ಸ್ಪರ್ಧೆ ಇದೆ ಮರಿ, ನೀನು ಬರೀ ತುಟಿ ಆಡಿಸು — ಆಗ ಗೀತೆ ಬೇರೆ, ದೇಶವೂ ಬೇರೆ, ಆ ದೇಶ ಒಡೆಯಿತು, ಗೀತೆ ಹೋಯಿತು, ಬಾವುಟ ಹೋಯಿತು, ಇವಳ ತುಟಿ ಮಾತ್ರ ನಲವತ್ತು ವರ್ಷದಿಂದ ಸದ್ದಿಲ್ಲದೆ ಆಡುತ್ತಲೇ ಇದೆ.

ವಾದ್ಯ ಶುರುವಾಯಿತು, ಕೈ ಎದೆಯ ಮೇಲೆ, ಪಕ್ಕದಲ್ಲಿ ಜಿಲ್ಲೆಯಿಂದ ಬಂದ ಸಾಹೇಬರು ತುಟಿ ಬಿಗಿದು ಕಲ್ಲಿನಂತೆ ನಿಂತಿದ್ದಾರೆ, ಹಿಂದಿನಿಂದ ಯಾರೋ ಫೋನು ಎತ್ತಿದರು, ಎತ್ತಲಿ — ಸ್ವರ ಬಿಟ್ಟಳು, ಮೊದಲ ಪದ ಮುದಿ ಒಂಟೆ ಎದ್ದ ಹಾಗೆ ಹೊರಬಂತು, ಸಾಹೇಬರು ಕೆಮ್ಮಿದರು, ಮುಂದಿನ ಸಾಲಿನ ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಗಕ್ಕನೆ ತಿರುಗಿದಳು, ತಲೆಗಿಂತ ದೊಡ್ಡ ಬಿಳಿ ರಿಬ್ಬನ್, ಮುಂದಿನ ಎರಡು ಹಲ್ಲಿಲ್ಲ, ನಗುತ್ತಾಳೆ, ಈಗ ನಗುತ್ತಾಳೆ — ಇಲ್ಲ, ಆ ಕಿಂಡಿಯನ್ನು ಇನ್ನಷ್ಟು ಅಗಲ ಮಾಡಿ ಇವಳಿಗೇ ಎದುರು ನಿಂತು ಹಾಡುತ್ತಿದ್ದಾಳೆ, ದಾರಿ ತಪ್ಪಿದ ಕುರಿಯನ್ನು ಎಳೆದುಕೊಂಡು ಹೋಗುವಂತೆ, ಇಲ್ಲಿ ಬಾ, ಈಗ ಮೇಲಕ್ಕೆ, ಅತ್ತೆ ಎಲ್ಲಿಂದಲೋ ಗಟ್ಟಿಯಾಗಿ ಹಾಡೇ ಎಂದರು, ಸ್ವರ ಮೇಲೇರುವ ಜಾಗದಲ್ಲಿ ಇವಳದು ಚೂರಾಯಿತು, ಊರೇ ನಕ್ಕಿತು, ನಗುತ್ತಲೇ ಹಾಡಿತು, ಸಾಹೇಬರ ಬಾಯಿಂದಲೂ ಏನೋ ಹೊರಟಿತು, ಅಯ್ಯೋ ಅವರದು ಇವಳಿಗಿಂತ ಕಡೆ — ಬುರ್ಮಾಕಾನ್ ಅತ್ತ ನೋಡಲಿಲ್ಲ, ನೋಡಿದರೆ ತಪ್ಪುತ್ತದೆ, ಕಣ್ಣು ಅಲ್ಲೇ, ಹಲ್ಲಿಲ್ಲದ ಆ ಪುಟ್ಟ ಕಿಂಡಿ, ಕಿಂಡಿಯಲ್ಲಿ ಇಣುಕುವ ನಾಲಿಗೆಯ ತುದಿ, ಆ ಕಿಂಡಿ ತೆರೆದಾಗಲೆಲ್ಲ ಇವಳ ಬಾಯಿಯೂ ತೆರೆಯಿತು, ಕೊನೆಯ ಸಾಲಿನವರೆಗೂ.