ಅಂಗಿಯ ಕೆಳಮಡಿಕೆ

ಇಸ್ತ್ರಿಪೆಟ್ಟಿಗೆ ಅಂಗಿಯ ಕೆಳಮಡಿಕೆಯಲ್ಲಿ ಯಾವುದಕ್ಕೋ ತಡೆದು ನಿಂತಿತು. ದರ್ಜಿಯ ಹೆಂಡತಿ ಬೆರಳಾಡಿಸಿ ನೋಡಿದಳು. ಮಡಿಕೆಯೊಳಗೆ ಸಾಲಾಗಿ ಏನೋ ಗಟ್ಟಿಗಟ್ಟಿ. ಹಾಸಿಗೆ ಹಿಡಿದ ಮೇಲೂ ಕೈ ಸುಮ್ಮನಿರದೆ ಗಂಡ ಹೊಲಿಯುತ್ತಿದ್ದ ಬಿಳಿ ಅಂಗಿ ಅದು. ಕೊನೆಯಲ್ಲಿ ಚುಚ್ಚಿಟ್ಟ ಸೂಜಿ ಹಾಗೇ ಇತ್ತು. ಅವನಿಗೆ ಇದನ್ನೇ ತೊಡಿಸಿ ಮಸಣಕ್ಕೆ ಕಳಿಸಬೇಕೆಂದು ಬೆಳಗಿನಿಂದ ಹಟ ಹಿಡಿದವಳು ಅವಳೇ.

ಹೊರಗೆ ಪಕ್ಕದಂಗಡಿಯ ಕ್ಷೌರಿಕ ಕೇಳುತ್ತಿದ್ದ, "ಹೊಟ್ಟೆ ಆಪರೇಷನ್ ಚೆನ್ನಾಗೇ ಆಗಿತ್ತಂತಲ್ಲಮ್ಮಾ?"

"ಆಗಿತ್ತು. ಆದ್ರೂ ಹನ್ನೆರಡು ದಿನ ನರಳಿದ. ಮಾತ್ರೆ ನುಂಗಿದ್ರೂ ನೋವು ಇಳೀಲೇ ಇಲ್ಲ," ಎಂದಳು ನಾದಿನಿ. ಬಾಗಿಲಿಗೆ ಬಂದು, "ಅತ್ತಿಗೆ, ಗಾಡಿ ಬಂತು. ಬೇಗ," ಎಂದಳು.

ಅತ್ತಿಗೆ ಕತ್ತರಿಯ ತುದಿಯಿಂದ ಎರಡು ಹೊಲಿಗೆ ಬಿಚ್ಚಿದ್ದಳು. ಬಿಳಿ ಮಾತ್ರೆಯೊಂದು ಉರುಳಿ ಅಂಗೈಗೆ ಬಿತ್ತು. ಹಿಂದೆಯೇ ಇನ್ನೊಂದು.

*

ಆಪರೇಷನ್ ಆದ ಸಂಜೆ ಅರಿವಳಿಕೆ ಇಳಿಯುತ್ತಿದ್ದಂತೆ ಅವನಿಗೆ ಮೈಯೆಲ್ಲ ನಡುಕ. ನೋವಿಗೆಂದು ಇಂಜೆಕ್ಷನ್ ಕೊಟ್ಟರು. ತುರಿಕೆ ಹತ್ತಿತು, ಅವಳ ಮಡಿಲ ಮೇಲೆಲ್ಲ ವಾಂತಿ ಮಾಡಿಕೊಂಡ. ಬಾಯಿ ಒರೆಸಲು ಹೋದರೆ, "ಯಾರೇ ನೀನು? ನನ್ನ ಹೆಂಡ್ತೀನ ಕರೀರಿ!" ಎಂದು ಚೀರಿ ಕೆನ್ನೆಗೆ ಬಾರಿಸಿದ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೈ ಎತ್ತಿದವನಲ್ಲ.

ಬೆಳಿಗ್ಗೆ ಎಚ್ಚರವಾದಾಗ ಕೇಳಿದ, "ಕೆನ್ನೆಗೆ ಏನಾಯ್ತೇ?"

"ನಿಮ್ಮದೇ ಕೈಚಳಕ, ಆ ಇಂಜೆಕ್ಷನ್ ಅಮಲಲ್ಲಿ," ಎಂದು ನಕ್ಕಳು. ಅವನು ನಗಲಿಲ್ಲ.

ಮನೆಗೆ ಬರೆದುಕೊಟ್ಟದ್ದೂ ಅದೇ ಮದ್ದಿನ ಮಾತ್ರೆ. ಕೊಟ್ಟಾಗಲೆಲ್ಲ ಅಂಗೈಯನ್ನು ಬಾಯಿಗೊಯ್ದು ನೀರು ಕುಡಿಯುತ್ತಿದ್ದ. ಆಮೇಲೆ ಅಂಗಿ ಎಳೆದುಕೊಂಡು ಕೂರುವನು. ದಾರವನ್ನು ಹಲ್ಲಲ್ಲೇ ಕಡಿಯುವನು. "ದರ್ಜಿಗೆ ಕತ್ತರಿಗೆ ಬರವೇನ್ರೀ?" ಎಂದು ಅವಳು ಜೀವಮಾನವಿಡೀ ಗೊಣಗಿದ್ದೇ ಬಂತು.

ನಿನ್ನೆ ಮಧ್ಯಾಹ್ನ ಆ ನರಳಾಟಕ್ಕೆ ಅವಳ ತಾಳ್ಮೆ ಕೆಟ್ಟಿತು. "ಮಾತ್ರೆ ನುಂಗಿದ ಮೇಲೂ ಏನ್ರೀ ನಿಮ್ಮ ನಾಟಕ? ನನ್ನ ಪ್ರಾಣ ತಿನ್ಬೇಡಿ!"

ಅವನು ದಿಂಬು ಕಚ್ಚಿಕೊಂಡು ಸುಮ್ಮನಾದ. ಅವಳು ಪಾತ್ರೆ ತೊಳೆದು ಬರುವಷ್ಟರಲ್ಲಿ ಉಸಿರು ನಿಂತಿತ್ತು.

*

"ಅಣ್ಣ ಇವನ್ನ ನುಂಗೇ ಇಲ್ವಾ! ಯಾಕೆ ಹೀಗೆ ಮಾಡ್ದ?" ನಾದಿನಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಮತ್ತೆ ನನ್ನ ಹೊಡೆದುಬಿಡ್ತೀನಿ ಅಂತ ಹೆದರಿದ್ರು ಕಣೇ. ನಾನು... ನಾಟಕ ಅಂದುಬಿಟ್ಟೆ." ನಿನ್ನೆಯಿಂದ ಬಾರದ ಅಳು ಈಗ ಒತ್ತರಿಸಿ ಬಂತು.

"ಕೊಡಿ ಅತ್ತಿಗೆ, ಬಿಸಾಡ್ತೀನಿ."

"ಬೇಡ."

ಬಿದ್ದ ಎರಡನ್ನೂ ಅವಳು ಮಡಿಕೆಯೊಳಗೆ ತೂರಿಸಿದಳು. ಅವನು ಅರ್ಧಕ್ಕೆ ಬಿಟ್ಟ ಸೂಜಿಯಿಂದಲೇ ಸೊಟ್ಟಸೊಟ್ಟಾಗಿ ಹೊಲಿದು ಗಂಟು ಹಾಕಿದಳು. ಕತ್ತರಿ ಮಡಿಲಲ್ಲೇ ಇತ್ತು. ಅವಳು ತಲೆ ಬಗ್ಗಿಸಿ ದಾರವನ್ನು ಹಲ್ಲಿನಿಂದ ಕಡಿದಳು.