ಕ್ಯಾಲೆಂಡರಿನ ಮೇಲಿನ ಕಾಡಿಗೆ ಚುಕ್ಕಿ

ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ನೀರಿಗಿಂತ ಮೊದಲು ಗಾಳಿ ಬರುತ್ತದೆ. ನಳದ ಬಾಯಿ ಸುಸ್ಸೆನ್ನುತ್ತದೆ, ಎರಡು ಸಲ ಕೆಮ್ಮುತ್ತದೆ. ಆ ಕೆಮ್ಮು ಕಿವಿಗೆ ಬಿದ್ದರೆ ಸಾಕು. ಹೆರಳು ಹಾಕಿಸಿಕೊಳ್ಳುತ್ತಿದ್ದ ಹುಡುಗಿ ಅರ್ಧ ಹೆರಳಿನಲ್ಲೇ ಏಳುತ್ತಾಳೆ, ಒಲೆಯ ಮೇಲಿನ ಹಾಲು ಕೆಳಗಿಳಿಯುತ್ತದೆ, ಕೊಡ, ಬಕೆಟ್ಟು, ಬ್ಯಾರಲ್ಲುಗಳು ಹೊಸ್ತಿಲು ದಾಟುತ್ತವೆ. ಏಳು ದಿನಕ್ಕೋ ಎಂಟು ದಿನಕ್ಕೋ ಒಮ್ಮೆ ಬರುವ ನೀರು. ಎರಡು ತಾಸು ಇದ್ದು ಹೋಗುತ್ತದೆ. ಆ ಎರಡು ತಾಸು ತಪ್ಪಿಸಿಕೊಂಡವರು ಮುಂದಿನ ಎಂಟು ದಿನ ನೆರೆಯವರ ಮುಖ ನೋಡಬೇಕು.

ಆ ಶುಕ್ರವಾರ ನಳ ಕೆಮ್ಮಿದ್ದು ಸರಿಯಾಗಿ ನಾಲ್ಕು ಗಂಟೆಗೆ. ಅಬೀದಾ ಪಾಟಿಚೀಲ ಹೆಗಲಿಗೇರಿಸಿ, ಮೂರನೇ ಇಯತ್ತೆಯಲ್ಲಿ ಓದುವ ಮಗಳು ಬುಶ್ರಾಳ ಕೈ ಹಿಡಿದು ಹೊರಟಿದ್ದಳು. ಚೀಲ ಮತ್ತೆ ಗೂಟಕ್ಕೆ ಹೋಯಿತು. ಕೈಗೆ ಕೊಡ ಬಂತು.

ಅವರು ಹೊರಟಿದ್ದು ಪಕ್ಕದ ಓಣಿಯ ಕುಟುಂಬ ಕಲಿಕಾ ಕೇಂದ್ರಕ್ಕೆ. ಎರಡೇ ಕೋಣೆ. ಸೋಮವಾರ, ಬುಧವಾರ, ಶುಕ್ರವಾರ ಸಂಜೆ ತಾಯಂದಿರೂ ಮಕ್ಕಳೂ ಒಂದೇ ಜಮಖಾನೆಯ ಮೇಲೆ ಕೂತು ಕಲಿಯುತ್ತಾರೆ. ಮಕ್ಕಳಿಗೆ ಶಾಲೆಯ ಪಾಠ, ತಾಯಂದಿರಿಗೆ ಅಕ್ಷರ, ಕೊನೆಗೆ ಇಬ್ಬರೂ ಸೇರಿ ಒಂದು ಕಥೆ ಓದುವುದು. ಸೀರೆಗೆ ಫಾಲ್ ಹೊಲಿದು ಸಂಸಾರಕ್ಕೆ ಆಸರೆಯಾಗಿದ್ದ ಅಬೀದಾ ಹೋದ ವರ್ಷ ‘ಅ’ದಿಂದ ಆರಂಭಿಸಿ ಈಗ ಒತ್ತಕ್ಷರಕ್ಕೆ ಬಂದು ನಿಂತಿದ್ದಳು. ತನ್ನ ಹೆಸರು ಬರೆಯುತ್ತಿದ್ದಳು, ಮಗಳ ಹೆಸರೂ ಬರೆಯುತ್ತಿದ್ದಳು. ಹುಟ್ಟಿದ ಊರು ‘ಹುಬ್ಬಳ್ಳಿ’ ಎಂದು ಬರೆಯುವಾಗ ಮಾತ್ರ ಎರಡು ಒತ್ತಿಗೆ ಕೈ ತಡೆಯುತ್ತಿತ್ತು.

ಎರಡು ವಾರದ ಮೇಲೆ ಒಂದು ಬೆಳಿಗ್ಗೆ ಕೇಂದ್ರದ ಶಿಕ್ಷಕಿ ಮಾರ್ಗರೆಟ್ ಮನೆಗೇ ಬಂದರು. ಕೈಯಲ್ಲಿ ಎರಡು ಹಾಳೆ.

“ಅಬೀದಾ, ಒಂದು ಸಿಹಿ ಸುದ್ದಿ ಐತಿ, ಒಂದು ಕಹಿ ಸುದ್ದಿ ಐತಿ. ಯಾವದು ಮೊದಲು ಹೇಳಲಿ?”

“ಕಹಿ ಹೇಳ್ರಿ ಟೀಚರ್. ಬಾಯಾಗ ಕಡೀಕ ಸಿಹಿ ಉಳೀಲಿ.”

“ಮುಂದಿನ ರವಿವಾರ ನಾಲ್ಕಕ್ಕ ಆಡಳಿತ ಮಂಡಳಿ ಸಭಾ ಐತಿ. ತಾಯಂದಿರ ತರಗತಿ ಬಂದ್ ಮಾಡೋ ವಿಚಾರ ಮಾಡ್ಯಾರ. ಹೋದ ತಿಂಗಳು ಹದಿಮೂರು ತರಗತಿ ಆದ್ವು. ಐದು ದಿನ ಜಮಖಾನಿ ಖಾಲಿ. ಆಸಕ್ತಿ ಇಲ್ಲದವರಿಗೆ ಯಾಕ, ಆ ಕೋಣ್ಯಾಗ ಕಾಲೇಜು ಹುಡುಗರಿಗೆ ಕಂಪ್ಯೂಟರ್ ಕಲಸೋಣು ಅಂತಾರ.”

ಅಬೀದಾಳ ಹೊಲಿಗೆ ಯಂತ್ರದ ಗಾಲಿ ನಿಂತಿತು.

“ಸಿಹಿ ಸುದ್ದಿ?”

“ಮಂಡಳ್ಯಾಗ ಪಾಲಕರಿಗಂತ ಎರಡು ಜಾಗಾ ಅದಾವು. ಎರಡು ವರ್ಷದಿಂದ ಖಾಲಿ ಬಿದ್ದಾವು. ಮೊನ್ನೆ ತರಗತ್ಯಾಗ ಎಲ್ಲಾರೂ ಕೈ ಎತ್ತಿ ಒಂದಕ್ಕ ನಿಮ್ಮ ಹೆಸರು ಆರಿಸ್ಯಾರ.”

“ನಾ ಇರಲಿಲ್ಲಲ್ರಿ!”

“ಅದಕ್ಕ ಆರಿಸಿದ್ರು. ಇದ್ದಾವರೆಲ್ಲಾ ‘ನಾ ಒಲ್ಲೆ’ ಅಂದ್ರು,” ಎಂದು ಮಾರ್ಗರೆಟ್ ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: “ಖರೇ ಹೇಳ್ತೇನಿ ಕೇಳ್ರಿ. ನಾ ಪಗಾರದ ಶಿಕ್ಷಕಿ. ಸಭಾದಾಗ ಲೆಕ್ಕ ಒಪ್ಪಸಬಹುದು, ಕೈ ಎತ್ತಾಕ ಬರೂದಿಲ್ಲ. ನೀವು ಸದಸ್ಯರಾದ್ರ ಕೈ ಎತ್ತಬಹುದು. ಕೇಳಬಹುದು. ಬ್ಯಾಡ ಅನ್ನಬಹುದು.”

ಮಾರ್ಗರೆಟ್ ಸಭೆಯ ನೋಟೀಸನ್ನೂ ಇನ್ನೊಂದು ಹಾಳೆಯನ್ನೂ ಯಂತ್ರದ ಮೇಲಿಟ್ಟು ಹೋದರು.

ಮಧ್ಯಾಹ್ನ ಊಟಕ್ಕೆ ಬಂದ ಗಂಡ ಮೆಹಬೂಬ ಸುದ್ದಿ ಕೇಳಿ ರೊಟ್ಟಿ ಮುರಿಯುವುದನ್ನೇ ಬಿಟ್ಟ. ಓಣಿಯ ತುದಿಯಲ್ಲಿ ಅವನ ಬೈಕ್ ರಿಪೇರಿ ಗ್ಯಾರೇಜು.

“ನೀ? ಮಂಡಳ್ಯಾಗ? ಅಲ್ಲಿ ಕುಂತಾವರು ಕೆಮ್ಮೂದೂ ಇಂಗ್ಲಿಷ್‌ನ್ಯಾಗ ಕೆಮ್ಮತಾರ. ನೀ ಹೋಗಿ ಏನ್ ಹೇಳತಿ, ಫಾಲ್ ಹಚ್ಚೂದು ಹೆಂಗಂತ?”

“ಅದೂ ಅವರಿಗೆ ಬರೂದಿಲ್ಲ ಬಿಡ್ರಿ.”

“ಪಗಾರ ಏನ್ ಕೊಡ್ತಾರ?”

“ಏನಿಲ್ಲ. ಚಾ ಕೊಡ್ತಾರಂತ.”

“ಚಾ ಕುಡಿಯಾಕ ಸೀರಿ ಉಟ್ಕೊಂಡು ಹೋಗಬೇಕೇನು? ಓದಿದಾವರು ಅದಾರ, ನೋಡ್ಕೊಂತಾರ. ನಮಗ್ಯಾಕ?”

ಮೂಲೆಯಲ್ಲಿ ಮೆಂತೆ ಸೊಪ್ಪು ಸೋಸುತ್ತಿದ್ದ ಅತ್ತೆ ಗುಲ್ಜಾರಬಿ ತಲೆ ಎತ್ತಲಿಲ್ಲ. ಬಾಯಿ ಮಾತ್ರ ತೆರೆದರು. “ಮೆಹಬೂಬ, ನಿನ್ನ ಗ್ಯಾರೇಜಿಗೆ ಗಾಡಿ ತಂದಾವ ಏನೂ ಹೇಳದ ಕೀಲಿ ಕೊಟ್ಟು ಹೋದ್ರ ಏನ್ ಮಾಡ್ತೀ?”

“ಎಲ್ಲಾ ಬಿಚ್ಚಿ ನೋಡಬೇಕಾಕ್ಕೈತಿ. ‘ಎಲ್ಲಿ ಸಪ್ಪಳಾ ಬರ್ತೈತಿ’ ಅಂತ ಅವನ್ನ ಕೇಳಿದ್ರ ಲಗೂ ಮುಗೀತೈತಿ.”

“ಮತ್ತ? ಗಾಡಿ ಮ್ಯಾಲ ಕುಂತಾವಗ ಗೊತ್ತು ಸಪ್ಪಳಾ. ರಿಪೇರಿ ಮಾಡಾವ ಎಷ್ಟು ಶ್ಯಾಣ್ಯಾ ಇದ್ರೂ ಕೇಳಬೇಕು.”

ಮೆಹಬೂಬ ರೊಟ್ಟಿ ಮುರಿದ. ಸೋತನೆಂದು ಒಪ್ಪಿಕೊಳ್ಳುವ ಮನುಷ್ಯ ಅವನಲ್ಲ. “ರವಿವಾರ ನಳ ಬಂದ್ರ?” ಎಂದಷ್ಟೇ ಕೇಳಿದ.

ಗಂಡ ಹೋದ ಮೇಲೆ ಅಬೀದಾ ಎರಡನೇ ಹಾಳೆ ಬಿಡಿಸಿದಳು. ಅದು ಹಾಜರಿಯ ಪಟ್ಟಿ. ತಾರೀಖು, ಎಷ್ಟು ಮಂದಿ, ಬಾರದ್ದಕ್ಕೆ ಕಾರಣ. ಜಮಖಾನೆ ಖಾಲಿ ಬಿದ್ದ ಐದೂ ದಿನಗಳ ಮುಂದೆ ಒಂದೇ ಕಾರಣ: ಮನೆಗೆಲಸ. ಬೆರಳಿಟ್ಟು ಜೋರಾಗಿ ಓದಿದಳು. “ಮೂರು. ಹತ್ತು. ಹದಿನೈದು...”

“ಮೂರಕ್ಕ ನಳ ಬಂದಿತ್ತು,” ಎಂದರು ಗುಲ್ಜಾರಬಿ, ಸೊಪ್ಪಿನ ಮೇಲೆ ಕಣ್ಣಿಟ್ಟೇ. “ಹತ್ತಕ್ಕ ದಿನಾ ಪೂರಾ ಕಾದ್ವಿ, ಬರಲಿಲ್ಲ. ಹನ್ನೊಂದಕ್ಕ ಬಂತು.”

ಅಬೀದಾಳ ಬೆರಳು ಅಲ್ಲೇ ನಿಂತಿತು. ಅವಳು ಎದ್ದು ಗೋಡೆಯ ಕ್ಯಾಲೆಂಡರಿನಲ್ಲಿ ಹೋದ ತಿಂಗಳ ಹಾಳೆ ತಿರುವಿದಳು. ಅಲ್ಲಿ ಓದು ಬರಹ ಬಾರದ ಗುಲ್ಜಾರಬಿಯ ಬರಹವಿತ್ತು. ನಳ ಬಂದ ದಿನ ಒಂದು ಕಾಡಿಗೆ ಚುಕ್ಕಿ. ಕಾದರೂ ಬಾರದ ದಿನ ಒಂದು ಗೀಟು. ಎಷ್ಟೋ ವರ್ಷದ ರೂಢಿ, ಮುಂದಿನ ಸರದಿ ಎಣಿಸಲಿಕ್ಕೆ. ಹತ್ತೊಂಬತ್ತಕ್ಕೆ ಚುಕ್ಕಿ. ಇಪ್ಪತ್ತಾರಕ್ಕೆ ಗೀಟು. ಪಟ್ಟಿಯಲ್ಲೂ ಹತ್ತೊಂಬತ್ತು, ಇಪ್ಪತ್ತಾರು.

ಯಾಕೆ ಬರಲಿಲ್ಲ ಎಂದು ಮಾರ್ಗರೆಟ್ ಕೇಳಿದಾಗ ಇವಳೂ ‘ಮನ್ಯಾಗ ಕೆಲಸ ಇತ್ರಿ’ ಎಂದೇ ಹೇಳಿದ್ದಳು. ಓಣಿಯ ಎಲ್ಲರೂ ಹಾಗೇ ಹೇಳಿದ್ದರು. ನಳದ ದಿನ ಹೆಂಗಸರು ಮನೆಯಲ್ಲಿರಬೇಕು, ಅಷ್ಟೆ. ಅದೊಂದು ಕಾರಣವೆಂದು ಯಾರಿಗೂ ಅನಿಸಿರಲಿಲ್ಲ. ಸಂಜೆ ಹೊತ್ತು ಮುಳುಗಿದ್ದಕ್ಕೆ ಯಾರಾದರೂ ಕಾರಣ ಹೇಳುತ್ತಾರೆಯೇ?

“ಅಮ್ಮಾ, ರವಿವಾರ ನಾ ಹೊಂಟೇನಿ,” ಎಂದಳು ಅಬೀದಾ.

“ರವಿವಾರ ಎಂಟನೇ ದಿನ,” ಎಂದರು ಗುಲ್ಜಾರಬಿ.

ರವಿವಾರ ಮೂರೂವರೆಗೆ ನಳ ಕೆಮ್ಮಿತು.

ಅಬೀದಾ ಇಸ್ತ್ರಿ ಮಾಡಿದ ಸೀರೆಯಲ್ಲಿ ಬಾಗಿಲಲ್ಲಿ ನಿಂತಿದ್ದಳು. ಸೆರಗು ಸಿಕ್ಕಿಸಿ ಬ್ಯಾರಲ್ ಎಳೆದು ನಳದ ಕೆಳಗಿಟ್ಟಳು, ಪೈಪು ಜೋಡಿಸಿದಳು. ನಿರಿಗೆ ಒದ್ದೆಯಾಯಿತು. ಅತ್ತೆಯ ಮೊಣಕಾಲಿಗೆ ಕೊಡ ಎತ್ತುವ ಶಕ್ತಿಯಿಲ್ಲ. ಸಪ್ಪಳ ಕೇಳಿ ಮೆಹಬೂಬ ಗ್ಯಾರೇಜಿನಿಂದ ಬಂದ, ಕೈತುಂಬ ಗ್ರೀಸು.

“ಹೇಳಿದ್ನಿಲ್ಲೋ? ನಳ ಬಂತು. ಇನ್ನೆಲ್ಲಿ ಸಭಾ?”

ಅಬೀದಾ ನೆಟ್ಟಗೆ ನಿಂತಳು. “ಈ ಮಾತು ಹೇಳಾಕ ನಾ ಹೊಂಟಿದ್ದು. ಇವತ್ತು ನಾ ನೀರು ಹಿಡಕೊಂತ ನಿಂತ್ರ ತರಗತಿ ಬಂದ್. ನನ್ನ ಓದೂ ಬಂದ್, ನಿಮ್ಮ ಮಗಳು ನನ್ನ ಬಾಜೂ ಕುಂತು ಓದೂದೂ ಬಂದ್. ಆಮ್ಯಾಲ ನಾ ಜೀವನಪೂರ್ತಿ ನೀರಽ ಹಿಡಕೊಂತ ಇರಬೇಕು.”

ಮೆಹಬೂಬ ತಾಯಿಯ ಕಡೆ ನೋಡಿದ. ಗುಲ್ಜಾರಬಿ ಕಾಡಿಗೆ ಡಬ್ಬಿ ತೆಗೆದು, ಕ್ಯಾಲೆಂಡರಿನಲ್ಲಿ ಅಂದಿನ ತಾರೀಖಿಗೆ ಚುಕ್ಕಿಯಿಟ್ಟು, ಮೊಳೆಯಿಂದ ಬಿಡಿಸಿ ಸೊಸೆಯ ಕೈಗೆ ಕೊಟ್ಟರು. ಆಮೇಲೆ ಮಗನಿಗೆ ಹೇಳಿದರು: “ಕೈಗೆ ಸಾಬಾಣ ಹಚ್ಚು. ಕುಡಿಯೋ ನೀರಿಗೆ ಎಣ್ಣಿ ಹತ್ತತೈತಿ.”

ಅಬೀದಾ ಓಡಿದಳು.

ಸಭೆಯಲ್ಲಿ ಆರು ಮಂದಿ. ಅಧ್ಯಕ್ಷ ರಾಜಶೇಖರ ನಿವೃತ್ತ ಪ್ರಾಧ್ಯಾಪಕರು. ಹನ್ನೊಂದು ವರ್ಷದ ಹಿಂದೆ ಮನೆಮನೆ ತಿರುಗಿ ಈ ಕೇಂದ್ರ ಕಟ್ಟಿದವರು. ಕೆಟ್ಟ ಮನುಷ್ಯರಲ್ಲ. ಗೋಪನಕೊಪ್ಪದ ಅವರ ಮನೆಯಂಗಳದಲ್ಲಿ ಬೋರ್‌ವೆಲ್ ಇತ್ತು, ಅಷ್ಟೆ.

“ಆಸಕ್ತಿ ಇದ್ದವರು ಹೆಂಗಾದ್ರೂ ಬರ್ತಾರ,” ಎಂದು ಅವರು ಬೇಸರದಿಂದಲೇ ಹೇಳುತ್ತಿದ್ದರು. “ನಮಗೂ ಸಂಕಟ ಆಕ್ಕೈತಿ. ಆದ್ರ ಖಾಲಿ ಜಮಖಾನಿ ಮುಂದ ಟೀಚರ್ ಎಷ್ಟು ದಿನಾ ಕುಂದರಬೇಕು?”

ಅಬೀದಾ ಕ್ಯಾಲೆಂಡರ್ ಹಿಡಿದು ಎದ್ದು ನಿಂತಳು.

“ಸರ್, ಆ ಐದು ತಾರೀಖು ಓದ್ರಿ. ನಾ ಇದನ್ನ ನೋಡತೇನಿ.”

“ಏನವಾ ಅದು?”

“ನಮ್ಮ ಅತ್ತಿಯವರ ಲೆಕ್ಕ. ಚುಕ್ಕಿ ಅಂದ್ರ ನಳ ಬಂತು. ಗೀಟು ಅಂದ್ರ ಕಾದ್ವಿ, ಬರಲಿಲ್ಲ.”

ರಾಜಶೇಖರ ಕನ್ನಡಕ ಏರಿಸಿದರು. “ಮೂರು?”

“ಚುಕ್ಕಿ.”

“ಹತ್ತು?”

“ಗೀಟು.”

“ಹದಿನೈದು?”

ಅಬೀದಾ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಸುಳ್ಳು ಹೇಳಬಹುದಿತ್ತು, ಯಾರೂ ಎದ್ದು ಬಂದು ನೋಡುತ್ತಿರಲಿಲ್ಲ. “ಏನಿಲ್ರಿ. ಅವತ್ತು ನಮ್ಮ ಓಣಿ ದ್ಯಾಮಣ್ಣ ಕಾಕಾ ತೀರಿಕೊಂಡ್ರು. ಇಡೀ ಓಣಿ ಅವರ ಮನಿ ಮುಂದಿತ್ತು.”

“ಹತ್ತೊಂಬತ್ತು?”

“ಚುಕ್ಕಿ.”

“ಇಪ್ಪತ್ತಾರು?”

“ಗೀಟು.”

ರಾಜಶೇಖರ ಕೈ ಚಾಚಿ ಕ್ಯಾಲೆಂಡರ್ ತೆಗೆದುಕೊಂಡರು. ಈ ತಿಂಗಳ ಹಾಳೆಗೆ ತಿರುವಿ ಅಂದಿನ ತಾರೀಖಿನ ಮೇಲೆ ಬೆರಳಾಡಿಸಿದರು. ಬೆರಳ ತುದಿ ಕಪ್ಪಾಯಿತು. ಅವರು ಬೆರಳು ನೋಡಿದರು, ಅಬೀದಾಳ ಒದ್ದೆ ನಿರಿಗೆ ನೋಡಿದರು.

“ಇವತ್ತೂ ಬಂದೈತೇನು?”

“ಈಗ ಬಂದೈತ್ರಿ. ಮನಿಯವರು ತುಂಬಾಕತ್ತಾರ.”

“ಆದ್ರೂ ತಂಗಿ, ಒಂದು ಸಂಸ್ಥಾ ನಳದ ಪ್ರಕಾರ ನಡೀಬೇಕು ಅಂದ್ರ...”

“ನಮ್ಮ ಮನಿ ನಡಿಯೂದಽ ಹಂಗ್ರಿ ಸರ್. ಕೇಂದ್ರದ ಹೆಸರಿನ್ಯಾಗ ಕುಟುಂಬ ಅಂತ ಐತಲ್ರಿ,” ಎಂದಳು ಅಬೀದಾ. “ನಳ ಬಂದ ದಿನದ ತರಗತಿ ಮರುದಿನ ಇಡ್ರಿ. ನಳ ಕೆಮ್ಮಿದ ಕೂಡ್ಲೇ ಟೀಚರಿಗೆ ನಾ ಒಂದು ಮಿಸ್ ಕಾಲ್ ಕೊಡ್ತೇನಿ. ಇನ್ನ ಕಾಯೋ ದಿನ ನಾವು ಬರೂದು ಬ್ಯಾಡ, ತರಗತೀನ ಓಣಿಗೆ ಬರಲಿ. ನಮ್ಮ ಕಟ್ಟಿ ಮ್ಯಾಲ ಹದಿನೈದು ಮಂದಿ ಹಿಡಿಸ್ತಾರ. ನೀರು ಕಾಯಾಕ ಕುಂತಾಗ ನಮ್ಮ ಕೈ ಖಾಲಿನ ಇರ್ತಾವ್ರಿ. ಪುಸ್ತಕ ಹಿಡಿಬಹುದು.”

ಮೊದಲು ಕೈ ಎತ್ತಿದ್ದು ರಾಜಶೇಖರ ಅವರೇ. ಮೂರು ತಿಂಗಳು ಹೀಗೆ ನಡೆಸಿ ನೋಡುವುದೆಂದು ಠರಾವಾಯಿತು. ಕಾರ್ಯದರ್ಶಿ ಬರೆದು, ಪುಸ್ತಕ ಸರಿಸಿ, “ಇಲ್ಲಿ ಸಹಿ ಮಾಡ್ರಿ” ಎಂದು ಪೆನ್ನು ಕೊಟ್ಟರು.

“ಓದ್ತೇನ್ರಿ,” ಎಂದಳು ಅಬೀದಾ.

ಒಂಬತ್ತು ಸಾಲು. ಒತ್ತಕ್ಷರ ಬಂದಲ್ಲೆಲ್ಲ ನಿಂತಳು, ತುಟಿ ಆಡಿಸಿದಳು, ಮುಂದೆ ಹೋದಳು. ಮಾರ್ಗರೆಟ್ ಹೇಳಿಕೊಡಲು ಬಾಯಿ ತೆರೆದರು. ರಾಜಶೇಖರ ಕಪ್ಪು ಬೆರಳೆತ್ತಿ ತಡೆದರು. ಐದು ಮಂದಿ ಕಾದರು. ಚಹಾ ಆರಿತು. ಕೊನೆಯ ಸಾಲಿನಲ್ಲಿ ‘ಹುಬ್ಬಳ್ಳಿ’ ಎಂದಿತ್ತು. ಅದನ್ನೂ ದಾಟಿ ಸಹಿ ಮಾಡಿದಳು.

ಮನೆಗೆ ಬಂದಾಗ ಬ್ಯಾರಲ್ಲುಗಳು ತುಂಬಿದ್ದವು. ಮೆಹಬೂಬ ಸೊಂಟ ಹಿಡಿದು ಕಟ್ಟೆಯ ಮೇಲೆ ಕೂತಿದ್ದ.

“ಮುಂದಿನ ಸಭಾ ಯಾವತ್ತು?” ಎಂದು ಕೇಳಿದ.

“ಎರಡು ತಿಂಗಳಿಗೆ.”

“ತಾರೀಖು ಮೊದಲಽ ಹೇಳು. ಗ್ಯಾರೇಜಿಗೆ ಸೂಟಿ ಕೊಡಬೇಕಾಕ್ಕೈತಿ.”

ಓದುಗರೇ, ನಿಮ್ಮ ಓಣಿಯ ಕಲಿಕಾ ಕೇಂದ್ರಕ್ಕೂ ಒಂದು ಆಡಳಿತ ಮಂಡಳಿ ಇರುತ್ತದೆ. ಅದರಲ್ಲಿ ಪಾಲಕರಿಗೆ ಜಾಗವಿದೆಯೇ, ಇದ್ದರೆ ಯಾಕೆ ಖಾಲಿ ಇದೆ ಎಂದು ನಾಳೆಯೇ ಹೋಗಿ ಕೇಳಿ. ಇಲ್ಲದಿದ್ದರೆ ಬೇಕೆಂದು ಕೇಳಿ. ಡಿಗ್ರಿ ಬೇಡ, ಇಂಗ್ಲಿಷ್ ಬೇಡ. ನಿಮ್ಮ ಮನೆಯ ದಿನ ಹೇಗೆ ನಡೆಯುತ್ತದೆ ಎಂಬುದು ನಿಮಗೆ ಗೊತ್ತು. ಅಲ್ಲಿ ಕೂತ ಬೇರೆ ಯಾರಿಗೂ ಅದು ಗೊತ್ತಿರುವುದಿಲ್ಲ. ಗೊತ್ತಿದ್ದದ್ದನ್ನು ಇದ್ದಂತೆ ಹೇಳಿ. ತಿಳಿಯದ್ದನ್ನು ಕೇಳಿ. ಓದದೆ ಸಹಿ ಮಾಡಬೇಡಿ, ಓದಲು ಎಷ್ಟು ಹೊತ್ತಾದರೂ ಅವರು ಕಾಯಲಿ.

ಸಭೆಯ ದಿನವೇ ನಳ ಬಂದರೆ? ಬರಲಿ. ಕೊಡ ಎತ್ತಲು ಮನೆಯಲ್ಲಿ ಇನ್ನೂ ಎರಡು ಕೈಗಳಿವೆ. ಸಾಬೂನು ಹಚ್ಚಿ ತೊಳೆದುಕೊಳ್ಳಲು ಹೇಳಿ, ನೀವು ಹೊರಡಿ.