ಕುಮುದತಾಯಿಯ ಕಾರ್ಪೆಟ್ ಏರಿಯಾ

ಯಾರ ಹೊಸ ಮನೆಗೆ ಕಾಲಿಟ್ಟರೂ ಕುಮುದಿನಿ ಧಾರಗಳಕರ್ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಮಲಗುವುದು. ಲೋಕದಲ್ಲಿ ಮನೆ ನೋಡಲು ಹೋದವರು ಗೋಡೆ ತಟ್ಟುತ್ತಾರೆ, ನಲ್ಲಿ ತಿರುಗಿಸುತ್ತಾರೆ, ಪೂರ್ವ ಎಲ್ಲಿ ಪಶ್ಚಿಮ ಎಲ್ಲಿ ಎಂದು ಬುಗುರಿಯಂತೆ ಸುತ್ತುತ್ತಾರೆ. ಈ ಮಹಾತಾಯಿ ಮಾತ್ರ ಹೊಸ್ತಿಲಲ್ಲಿ ಕ್ಯಾನ್ವಾಸ್ ಶೂ ಕಳಚಿಟ್ಟು, ಒಂಬತ್ತು ಗಜದ ಸೀರೆಯ ಕಚ್ಚೆಯನ್ನೊಮ್ಮೆ ಭದ್ರಪಡಿಸಿಕೊಂಡು, ಮಾರುವವರು ಕೊಳ್ಳುವವರೆಲ್ಲರ ಸಮಕ್ಷಮದಲ್ಲಿ ನೆಲದ ಮೇಲೆ ಅಂಗಾತ ಒರಗಿ, ಎರಡೂ ಕಾಲುಗಳನ್ನು ನೀಳವಾಗಿ ಚಾಚಿ, ಕಣ್ಣು ಮುಚ್ಚಿಬಿಡುತ್ತಿದ್ದರು. ಮೊದಲ ಸಲ ನೋಡಿದವರು ಹೆಂಗಸಿಗೆ ತಲೆಸುತ್ತು ಬಂತೆಂದು ನೀರು ತರಲು ಓಡುತ್ತಿದ್ದರು. ಹೀಗೆ ಒಂದೊಂದು ಕೋಣೆಯಲ್ಲೂ ಪವಡಿಸಿ ಎದ್ದ ಮೇಲೆಯೇ ತೀರ್ಪು: "ಇದು ಮೂರು ಚಾಪೆಯ ಮನೆ. ನಾಲ್ಕು ಅಂತ ಹೇಳ್ತಿದ್ದಾನಲ್ಲ, ಆ ನಾಲ್ಕನೆಯವನು ನಿಂತ್ಕೊಂಡೇ ನಿದ್ದೆ ಮಾಡ್ಬೇಕು."

ಗಿರಗಾಂವಿನ ನಮ್ಮ ಪೈಂಗಣಕರ್ ಚಾಳಿನ ಎರಡನೆಯ ಮಾಳಿಗೆಯಲ್ಲಿ ನನ್ನ ಖೋಲಿಗೆ ಅಂಟಿಕೊಂಡದ್ದೇ ಅವರ ಒಂದೇ ಕೋಣೆಯ ಖೋಲಿ. ನಾನು ಕುಮಟೆಯವನು, ಬ್ಯಾಂಕಿನ ನೌಕರಿಗೆಂದು ಬಂದು ಅಲ್ಲಿಯ ನಲ್ಲಿಯ ಸರದಿಯಲ್ಲೇ ಕೂದಲು ನರೆಸಿಕೊಂಡವನು. ಅವರು ಮನೆ ಕೊಡಿಸುವ ದಲ್ಲಾಳಿ. ಅರ್ಧ ಗಿರಗಾಂವಿಗೆ ಡೊಂಬಿವಲಿ, ಬದಲಾಪುರಗಳಂಥ ದೂರದ ಉಪನಗರಗಳ ದಾರಿ ತೋರಿಸಿದ ಆ ಹೆಂಗಸು ಮಾತ್ರ ಮದುವೆಯಾಗಿ ಬಂದ ದಿನದಿಂದ ಒಂದೇ ಖೋಲಿಯಲ್ಲಿ, ಅತ್ತೆ ಇರುವ ತನಕ ಅತ್ತೆಯ ಕಾಲ ಬಳಿ, ಆಮೇಲೆ ಮಗ ಹೇಮಂತನ ಪುಸ್ತಕದ ಪೆಟ್ಟಿಗೆಯ ಬಳಿ, ಮುದುಡಿಕೊಂಡೇ ಮಲಗಿದವರು. ಅವರೋ ಗಂಡಸರನ್ನೂ ಮೀರಿಸುವ ಎತ್ತರ. "ನನ್ನ ಕಾಲು ಎಷ್ಟುದ್ದ ಅಂತ ನಂಗೇ ಗೊತ್ತಿಲ್ಲ ಭಾವೋಜಿ," ಎಂದು ಒಮ್ಮೆ ನನಗೆ ಹೇಳಿದ್ದರು, "ಬೇರೆಯವರ ಮನೇಲಾದ್ರೂ ಒಂದು ಗಳಿಗೆ ಚಾಚಿ ನೋಡ್ಕೋತೀನಿ."

ಅವರ ನಡಿಗೆಯದ್ದೇ ಒಂದು ಪುರಾಣ. ಒಂದು ಕಂಕುಳಲ್ಲಿ ಕೊಡೆ, ಇನ್ನೊಂದರಲ್ಲಿ ಕೈಚೀಲ, ಮೊಣಕಾಲಿಗೆ ಬಡಿಯುವ ಕಚ್ಚೆಯ ಸದ್ದಿನೊಡನೆ ಅವರು ಹೊರಟರೆಂದರೆ ತರಕಾರಿಯವರು ಬುಟ್ಟಿ ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಹಿಂದೆ ಏದುಸಿರು ಬಿಡುತ್ತ ಓಡುವ ಗಿರಾಕಿ, ಗಿರಾಕಿಯ ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದ ಗಿರಾಕಿಯ ಹೆಂಡತಿ. ಭಾನುವಾರದ ಪತ್ರಿಕೆಯಲ್ಲಿ ಅವರು ಕೊಡುತ್ತಿದ್ದ ಜಾಹೀರಾತುಗಳಲ್ಲಿ "ಸ್ಟೇಷನ್ನಿನಿಂದ ಐದು ನಿಮಿಷ" ಎಂದಿರುತ್ತಿತ್ತಲ್ಲ, ಅದು ಪರಮಸತ್ಯ. ಅಳೆದ ಕಾಲು ಯಾವುದೆಂಬುದನ್ನು ಮಾತ್ರ ಪತ್ರಿಕೆ ಹೇಳುತ್ತಿರಲಿಲ್ಲ.

ಇನ್ನು ಅವರ ಭಾಷೆ. ಆರ್‌ಕೆ, ಬಿಎಚ್‌ಕೆ, ಓಸಿ ಎಂಬ ಆ ತುಂಡಕ್ಷರಗಳು ನಮಗೆಲ್ಲ ಪತ್ರಿಕೆಯ ಮೂಲೆಯಲ್ಲಿ ಸಾಲುಗಟ್ಟಿದ ಇರುವೆಗಳು, ಅವರಿಗೆ ಮಾತೃಭಾಷೆ. ಭಾನುವಾರ ಬೆಳಿಗ್ಗೆ ಚಾಳಿನ ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಚಹದ ಬಟ್ಟಲು ಹಿಡಿದು ಕೂತು ಬೇರೆ ದಲ್ಲಾಳಿಗಳ ಜಾಹೀರಾತುಗಳಿಗೆ ಅವರು ಹೇಳುತ್ತಿದ್ದ ಭಾಷ್ಯವನ್ನು ಕೇಳಲು ಮೂರೂ ಮಾಳಿಗೆಯ ಜನ ಸೇರುತ್ತಿದ್ದರು. "ಒಂದು ಆರ್‌ಕೆ ಅಂದ್ರೆ ಒಂದು ರೂಮು, ಒಂದು ಕಿಚನ್ನು. ನಡುವೆ ಗೋಡೆ ಇದ್ರೆ ನಿಮ್ಮ ಪುಣ್ಯ, ಇಲ್ದಿದ್ರೆ ಪರದೆ. ಬಿಎಚ್‌ಕೇಲಿ ಹಾಲ್ ಬಂತು. ಅಂದ್ರೆ ನೆಂಟ್ರು ಬಂದ್ರೆ ಹೋಗೋ ಹಾಗೆ ಕಾಣಲ್ಲ ಅಂತ ಅರ್ಥ. 'ಗಾಳಿ ಧಾರಾಳ' ಅಂತ ಬರ್ದಿದ್ರೆ ಕಿಟಕಿಗೆ ಬಾಗಿಲಿಲ್ಲ. 'ಶಾಂತ ವಾತಾವರಣ' ಅಂದ್ರೆ ಬಸ್ಸು ಬರಲ್ಲ. 'ನೋಡಿಯೇ ನಂಬಿ' ಅಂದ್ರೆ, ಅಯ್ಯೋ, ನೋಡ್ಲೇಬೇಡಿ!" ಕಾರ್ಪೆಟ್, ಬಿಲ್ಟ್‌ಅಪ್, ಸೂಪರ್ ಬಿಲ್ಟ್‌ಅಪ್ ಎಂಬ ಮೂರು ಅಳತೆಗಳ ಗುಟ್ಟನ್ನು ನನ್ನ ಮಂದ ತಲೆಗೆ ಹೊಗಿಸಿದವರೂ ಅವರೇ: "ಚಾಪೆ ಹಾಸೋಕಾಗೋದು ಕಾರ್ಪೆಟ್. ಗೋಡೆ ದಪ್ಪಾನೂ ಸೇರ್ಸಿದ್ರೆ ಬಿಲ್ಟ್‌ಅಪ್. ಮೆಟ್ಲು, ಲಿಫ್ಟು, ವಾಚ್‌ಮನ್ ಕೂತ್ಕೊಳ್ಳೋ ಸ್ಟೂಲು ಎಲ್ಲಾ ಸೇರ್ಸಿದ್ರೆ ಸೂಪರ್ ಬಿಲ್ಟ್‌ಅಪ್." ನಮ್ಮ ಕಡೆಯ ಮನೆಗಳಲ್ಲಿ ಜಗಲಿ ಎಂದೊಂದಿರುತ್ತದೆ ಎಂದು ನಾನು ಅಭಿಮಾನದಿಂದ ಹೇಳಿದ್ದಕ್ಕೆ, "ಅದನ್ನ ಯಾವುದ್ರಲ್ಲಿ ಲೆಕ್ಕ ಹಾಕ್ತೀರಿ?" ಎಂದು ಕೇಳಿದರು. ಮನುಷ್ಯರನ್ನೂ ಅದೇ ಮಾನದಲ್ಲಿ ಅಳೆಯುತ್ತಿದ್ದರು. ಎದುರು ಖೋಲಿಯ ಹುಡುಗಿಗೆ ಬಂದ ವರನನ್ನು ನೋಡಿ, "ಸೂಟು ಬೂಟು ಎಲ್ಲಾ ಸೂಪರ್ ಬಿಲ್ಟ್‌ಅಪ್ಪು. ಕಾರ್ಪೆಟ್ ಏನೂ ಇಲ್ಲ" ಎಂದರು, ಸಂಬಂಧ ಅಲ್ಲಿಗೇ ಮುರಿಯಿತು.

ಅವರ ಪತಿ ಶ್ರೀಪಾದರಾಯರದ್ದು ಇದಕ್ಕೆ ತದ್ವಿರುದ್ಧವಾದ ಸೃಷ್ಟಿ. ಹೆಂಡತಿಯ ಭುಜಕ್ಕೆ ಬರುವ ಆಳು. ಬಂದರಿನಲ್ಲಿ ಧಾನ್ಯದ ಮೂಟೆಗಳ ಲೆಕ್ಕ ಬರೆದೂ ಬರೆದೂ ಆ ಧೂಳನ್ನೆಲ್ಲ ಎದೆಗೂಡಿನಲ್ಲಿ ತುಂಬಿಕೊಂಡು ನಿವೃತ್ತರಾದವರು. ಎರಡು ಮಾತಿಗೊಂದು ಕೆಮ್ಮು. ಜಗತ್ತಿನಲ್ಲಿ ಅವರು ನಂಬುತ್ತಿದ್ದದ್ದು ಒಂದನ್ನೇ, ಹೆಂಡತಿಯ ಮಾತನ್ನು. ಚಾಳಿನವರೆಲ್ಲ ಅವರನ್ನು ನೋಡಿ ನಗುತ್ತಿದ್ದೆವು, ಅವರೂ ನಮ್ಮ ಜೊತೆ ನಗುತ್ತಿದ್ದರು.

ಹೇಮಂತನಿಗೆ ಹೆಣ್ಣು ಗೊತ್ತಾಯಿತು. ಒಂದೇ ಖೋಲಿಯ ಮನೆಗೆ ಸೊಸೆ ಬಂದರೆ ಹಿರಿಯರು ಹಾಸಿಗೆ ಸುತ್ತಿಕೊಂಡು ಗ್ಯಾಲರಿಗೆ ಬರುವುದು ನಮ್ಮ ಚಾಳಿನ ಅಲಿಖಿತ ಶಾಸ್ತ್ರ. ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಆದರೆ ಮಳೆಗಾಲದ ಎರಚಲು ಬಡಿಯುವ ಆ ಗ್ಯಾಲರಿಯಲ್ಲಿ ಶ್ರೀಪಾದರಾಯರ ಎದೆ ಒಂದು ವಾರವೂ ತಡೆಯುವಂತಿರಲಿಲ್ಲ. ಮದುವೆ ಜ್ಯೇಷ್ಠದಲ್ಲಿ, ಮಳೆ ಅದರ ಬೆನ್ನಿಗೇ. ಊರಿಗೆಲ್ಲ ಮನೆ ಕೊಡಿಸಿದ ಕುಮುದತಾಯಿ ತಮ್ಮ ಗಂಡನಿಗೊಂದು ಸೂರು ಹುಡುಕಲು ದಿನವೂ ಶೂ ಸವೆಸಿದರು. ಒಂದು ಮನೆಯ ಗೋಡೆಗೆ ತೇವ, ಇನ್ನೊಂದು ಮೂರನೆಯ ಮಾಳಿಗೆ, ಮತ್ತೊಂದರಲ್ಲಿ ಕಾಲು ಗೋಡೆಗೆ ತಾಗುತ್ತದೆ. ಎಲ್ಲೆಲ್ಲೂ ಮಲಗಿ ಎದ್ದು ಬಂದರು, ಒಂದೂ ಒಪ್ಪಲಿಲ್ಲ.

ಗುಡಿಪಾಡವೆಯ ದಿನ, ಅಂದರೆ ನಮ್ಮ ಯುಗಾದಿಗೆ, ನನ್ನನ್ನೂ ಊಟಕ್ಕೆ ಕರೆದಿದ್ದರು. ಕುಮುದತಾಯಿ ಶ್ರೀಖಂಡ ಬಡಿಸುತ್ತಿದ್ದಾಗ ಶ್ರೀಪಾದರಾಯರು ಅಂಗಿಯ ಜೇಬಿನಿಂದ ಒಂದು ಬೀಗದ ಕೈ ತೆಗೆದು ಎಲೆಯ ಪಕ್ಕದಲ್ಲಿಟ್ಟರು. ಪ್ರಾವಿಡೆಂಟ್ ಫಂಡೆಲ್ಲ ಸುರಿದು, ಯಾರಿಗೂ ಹೇಳದೆ, ಬದಲಾಪುರದಾಚೆ ಒಂದು ಬಿಎಚ್‌ಕೆ ಕೊಂಡಿದ್ದರು. "ನಂದನ ಕಾಂಪ್ಲೆಕ್ಸು" ಎಂದರು, ಕೆಮ್ಮಿದರು, ನಕ್ಕರು.

ಕುಮುದತಾಯಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಅಹೋ, ಅದನ್ನೇ ಯಾಕೆ ತಗೊಂಡ್ರಿ?"

"ಯಾಕೆ ಅಂದ್ರೆ? ಜಾಹೀರಾತು ಓದಿದ ಕೂಡಲೇ ಗೊತ್ತಾಯ್ತು, ಇದು ನಿನ್ನ ಬರಹ ಅಂತ. 'ಸ್ಟೇಷನ್ನಿನಿಂದ ಐದು ನಿಮಿಷ, ಕಾಲು ಚಾಚಿ ಮಲಗುವ ಬೆಡ್‌ರೂಮು.' ನೀನಲ್ಲದೆ ಇನ್ಯಾರು ಹೀಗೆ ಬರೀತಾರೆ? ನೀನು ಮಲಗಿ ನೋಡದ ಮನೆ ಬಗ್ಗೆ ಯಾವತ್ತಾದ್ರೂ ಬರೆದದ್ದುಂಟಾ? ನಾನು ಬೇರೆ ನೋಡೋದೇನಿದೆ!"

ಊಟ ಹೇಗೋ ಮುಗಿಯಿತು. ಕೈ ತೊಳೆಯುವ ನೆಪದಲ್ಲಿ ಕುಮುದತಾಯಿ ನನ್ನನ್ನು ಗ್ಯಾಲರಿಯ ತುದಿಗೆ ಎಳೆದರು. "ಭಾವೋಜಿ, ನಾನು ಸತ್ತೆ. ಅದೊಂದೇ ಮನೆ ನಾನು ಮಲಗಿ ನೋಡ್ಲಿಲ್ಲ. ನಾನು ಹೋದಾಗ ಬರೀ ಕಂಬ ನಿಂತಿದ್ವು, ಕಂಬದ ನಡುವೆ ಎಮ್ಮೆ ಮಲಗಿದ್ವು. ಬಿಲ್ಡರು ಸ್ಟೇಷನ್ನಿಂದ ಜೀಪಲ್ಲಿ ಕರ್ಕೊಂಡು ಹೋದ, ಜೀಪಲ್ಲೇ ವಾಪಸ್ ಬಿಟ್ಟ. ನಾಳೆ ಪೇಪರಿಗೆ ಹೋಗ್ಬೇಕು ಅಂತ ಅವಸರ ಮಾಡ್ದ. ನಕ್ಷೆ ನೋಡಿ ಬರೆದ್ಬಿಟ್ಟೆ."

"ಹಾಗಾದರೆ ರಾಯರಿಗೆ ಹೇಳಿಬಿಡಿ" ಎಂದೆ.

"ಏನಂತ ಹೇಳ್ಲಿ? ನಿಮ್ಮ ಹೆಂಡತೀನ ನಂಬಿ ಕೆಟ್ರಿ ಅಂತಾನಾ?"

ಮರುದಿನವೇ ಬಿಲ್ಡರನ ದಾದರಿನ ಆಫೀಸಿಗೆ ದಂಡೆತ್ತಿ ಹೋದರು; ಜೊತೆಗೆ ನಾನೂ ಓಡಿದೆ. ಕೊಡೆಯಿಂದ ಮೇಜು ಕುಟ್ಟಿ, "ಎಲ್ಲಿದೆಯೋ ನಿನ್ನ ಐದು ನಿಮಿಷ? ಬಡವನ ದುಡ್ಡು ತಿಂದು ದಕ್ಕಿಸ್ಕೋತೀಯಾ?" ಎಂದು ಅಬ್ಬರಿಸಿದರು. ಆ ಪುಣ್ಯಾತ್ಮ ಎದ್ದು ನಿಂತು ಕೈಮುಗಿದು, ಗೋಡೆಗೆ ಚೌಕಟ್ಟು ಹಾಕಿ ತೂಗಿಸಿದ್ದ ಜಾಹೀರಾತನ್ನು ತೋರಿಸಿದ. "ತಾಯಿ, ಇದು ನಿಮ್ಮದೇ ಪ್ರಸಾದ. ಇದನ್ನು ಓದಿಯೇ ಇಡೀ ಬಿಲ್ಡಿಂಗು ಹೋಯ್ತು. ಒಂದು ಫ್ಲ್ಯಾಟೂ ಉಳಿದಿಲ್ಲ, ಬದಲಾಯಿಸಿ ಕೊಡೋಣ ಅಂದ್ರೆ." ಕುಮುದತಾಯಿ ಮೇಜಿನ ಮೇಲಿಂದ ಕೊಡೆ ತೆಗೆದು ಕಂಕುಳಿಗೆ ಸೇರಿಸಿಕೊಂಡರು. ಬರುವಾಗ ಅವರು ನನ್ನ ಹಿಂದೆ ನಡೆದು ಬಂದರು.

ಮನೆ ನೋಡಲು ನಾವು ಮೂವರೂ ಹೋದೆವು. ಮನೆಗಳೆಲ್ಲ ಬಿಕರಿಯಾದ ಮೇಲೆ ಜೀಪು ಯಾಕೆ ಬರುತ್ತದೆ? ಚೈತ್ರದ ಬಿಸಿಲಿನಲ್ಲಿ ನಡೆದೇ ಹೊರಟೆವು. ಶ್ರೀಪಾದರಾಯರು ಮಗಳ ಮನೆಗೆ ಹೊರಟವರಂತೆ ಉಮೇದಿನಿಂದ ಮುಂದೆ. ಕುಮುದತಾಯಿ ಕೊಡೆಯನ್ನು ಅವರ ತಲೆಯ ಮೇಲೆ ಹಿಡಿದುಕೊಂಡು, ಅವರ ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡು ಪಕ್ಕದಲ್ಲಿ. ಆ ಕ್ಯಾನ್ವಾಸ್ ಶೂಗಳು ಅಷ್ಟು ನಿಧಾನವಾಗಿ ಚಲಿಸಬಲ್ಲವು ಎಂಬುದು ನನಗೆ ಗೊತ್ತಿರಲಿಲ್ಲ. ಇಟ್ಟಿಗೆ ಗೂಡು ದಾಟಿತು, ಹಳ್ಳದ ಮೋರಿ ಬಂತು. ರಾಯರು ಮೋರಿಯ ಕಟ್ಟೆಯ ಮೇಲೆ ಕೂತು ಎದೆ ತಿಕ್ಕಿಕೊಂಡರು. "ಇನ್ನೇನು, ಬಂದೇಬಿಡ್ತು. ಐದೇ ನಿಮಿಷ ಅಂತ ಬರೆದಿದ್ದೀಯಲ್ಲ." ಮುಂದಿನ ಮೋರಿಯ ಮೇಲೂ ಕೂತರು, ಅದನ್ನೇ ಹೇಳಿದರು. ಅವರ ದನಿಯಲ್ಲಿ ಹೆಂಡತಿಯ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ತಮ್ಮ ಕಾಲಿನ ಮೇಲೆಯೇ ಬೇಸರ. "ನನ್ನದೇ ನಡಿಗೆ ನಿಧಾನ. ನಿನ್ನೊಬ್ಬಳನ್ನೇ ಬಿಟ್ಟಿದ್ರೆ ಇಷ್ಟೊತ್ತಿಗೆ ನೀನು ಚಹ ಮಾಡಿರ್ತಿದ್ದೆ." ಕುಮುದತಾಯಿ ಆ ಕಡೆ ಮುಖ ತಿರುಗಿಸಿ ಸೆರಗಿನಿಂದ ಮೂಗು ಒರೆಸಿಕೊಂಡರು.

ನಂದನದ 'ಗಾರ್ಡನ್ ವ್ಯೂ' ಅಂದರೆ ಯಾರದೋ ಬದನೆ ತೋಟ. ಇರಲಿ. ಬಾಗಿಲು ತೆರೆದು ಒಳಗೆ ಹೋದೆವು. ಹಾಲ್ ಪರವಾಗಿಲ್ಲ, ಅಡುಗೆಮನೆಯೂ ಸರಿ. ಬೆಡ್‌ರೂಮಿಗೆ ಕಾಲಿಟ್ಟ ಕುಮುದತಾಯಿ ಗಕ್ಕನೆ ನಿಂತರು. ಅವತ್ತು ಎಮ್ಮೆಗಳ ನಡುವೆ ನೋಡಿ ಬಂದಿದ್ದ ಆ ಕಂಬಗಳಲ್ಲೊಂದು ಕೋಣೆಯೊಳಗೇ ದಪ್ಪನಾಗಿ ನಿಂತುಬಿಟ್ಟಿತ್ತು. ದಕ್ಷಿಣಕ್ಕೆ ತಲೆಯಿಟ್ಟರೆ ಬಾಗಿಲು ನೆತ್ತಿಗೆ ಬಡಿಯುತ್ತದೆ, ಉತ್ತರಕ್ಕೆ ತಲೆಯಿಡುವುದು ನಿಷಿದ್ಧ, ಪಶ್ಚಿಮಕ್ಕಿಟ್ಟರೆ ತಲೆಗೆ ಕಂಬ, ಪೂರ್ವಕ್ಕಿಟ್ಟರೆ ಕಾಲಿಗೆ ಕಂಬ.

"ಹೂಂ, ಮಲಗಿ ನೋಡು" ಎಂದರು ಶ್ರೀಪಾದರಾಯರು, ಪರೀಕ್ಷೆಯ ಫಲಿತಾಂಶಕ್ಕೆ ನಿಂತ ಹುಡುಗನ ಮುಖ ಹೊತ್ತು. "ಇವತ್ತಾದ್ರೂ ನಿನ್ನದೇ ಮನೇಲಿ ಕಾಲು ಚಾಚು."

ಕುಮುದತಾಯಿ ಶೂ ಕಳಚಿದರು. ಕಚ್ಚೆ ಬಿಗಿದುಕೊಂಡರು. ಪೂರ್ವಕ್ಕೆ ತಲೆಯಿಟ್ಟು ಒರಗಿದರು. ಕಾಲು ಚಾಚಿದರು, ಪಾದ ಕಂಬಕ್ಕೆ ತಾಗಿತು. ನಾನು ಕಾಲಿನ ಕಡೆಯಲ್ಲಿದ್ದೆ, ಕಂಡೆ: ಆ ಒಂಬತ್ತು ಗಜದ ಸೀರೆಯ ನೆರಿಗೆಗಳ ಒಳಗೆ ಮೊಣಕಾಲು ಸದ್ದಿಲ್ಲದೆ, ಮೆಲ್ಲಗೆ, ಎಷ್ಟು ಬೇಕೋ ಅಷ್ಟೇ ಮಡಚಿಕೊಂಡಿತು. ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ತೀರ್ಪು ಬಂತು.

"ಆಹಾ! ಇನ್ನೂ ಒಂದು ಗೇಣು ಮಿಕ್ಕಿದೆ ಕಣ್ರೀ."

ಶ್ರೀಪಾದರಾಯರ ಸಂತೋಷ ನೋಡಬೇಕಿತ್ತು. ತಾವೂ ಪಕ್ಕದಲ್ಲಿ ಒರಗಿಯೇಬಿಟ್ಟರು. ಅವರ ಗಿಡ್ಡ ಕಾಲಿಗೆ ಕಂಬ ಎಟುಕಲೇ ಇಲ್ಲ. "ನಾನು ಹೇಳ್ಲಿಲ್ವಾ?" ಎಂದು ಸೂರು ನೋಡುತ್ತ ನನಗೆ ಹೇಳಿದರು, "ಇವಳು ಬರೆದ್ರೆ ಬರೆದ ಹಾಗೇ ಇರುತ್ತೆ." ನಾನು ಬದನೆ ತೋಟ ನೋಡಲು ಹೊರಗೆ ಬಂದೆ.

ಆ ಮೇಲೆ ಅವರ ಜಾಹೀರಾತುಗಳಲ್ಲಿ ಒಂದು ಪದ ಹೆಚ್ಚಾಯಿತು. "ಸ್ಟೇಷನ್ನಿನಿಂದ ಐದು ನಿಮಿಷ, ನನಗೆ." ಪತ್ರಿಕೆಯ ಕೌಂಟರಿನವನು, "ಈ 'ನನಗೆ' ಅಂದ್ರೆ ಯಾರಿಗೆ ತಾಯಿ? ದಂಡಕ್ಕೆ ಒಂದು ಪದ" ಎಂದು ಗೊಣಗಿದರೆ, "ನಿನಗಲ್ಲ, ಹಾಕು" ಎನ್ನುತ್ತಿದ್ದರಂತೆ. ಕೆಮ್ಮಿನವರು ಯಾರಾದರೂ ಗಿರಾಕಿಯಾಗಿ ಬಂದರೆ ಕಂಕುಳಿನ ಕೊಡೆ ಬಿಚ್ಚಿ ಅವರ ಜೊತೆ ಮೆಲ್ಲಗೆ ನಡೆಯುತ್ತಿದ್ದರು. ಅವರ ಹಳೆಯ ಖೋಲಿಯಲ್ಲಿ ಈಗ ಹೇಮಂತನ ಸಂಸಾರ. ಮಳೆಗಾಲದಲ್ಲೂ ಗ್ಯಾಲರಿಯಲ್ಲಿ ಕೆಮ್ಮು ಕೇಳಿಸುವುದಿಲ್ಲ. ನಂದನಕ್ಕೆ ನಾನು ಹೋದಾಗಲೆಲ್ಲ ಶ್ರೀಪಾದರಾಯರು ಬೆಡ್‌ರೂಮು ತೋರಿಸದೆ ಬಿಡುವುದಿಲ್ಲ, ಮಿಕ್ಕಿದ ಆ ಒಂದು ಗೇಣಿನ ಸುದ್ದಿ ಹೇಳದೆ ಚಹ ಕೊಡುವುದಿಲ್ಲ.

ಮನೆ ದಲ್ಲಾಳಿಗಳನ್ನು ಲೋಕ ಸುಳ್ಳುಗಾರರೆಂದು ಬೈಯುತ್ತದೆ. ಬೈಯಲಿ, ಅದು ಅವರ ಕಸುಬಿನ ಭಾಗ. ಇಷ್ಟು ಚಿಕ್ಕ ಊರೊಳಗೆ ಇಷ್ಟೊಂದು ಜನ ಇದ್ದೂ ಬದುಕಬೇಕೆಂದರೆ ಯಾರಾದರೊಬ್ಬರು ಇಕ್ಕಟ್ಟನ್ನು ವಿಶಾಲವೆಂದು ಹೇಳಲೇಬೇಕಾಗುತ್ತದೆ. ಅವರಲ್ಲಿ ಹೆಚ್ಚಿನವರು ಕೊಂಡವನ ಕಾಲು ಗೋಡೆಗೆ ತಾಗುವ ಹೊತ್ತಿಗೆ ಮುಂದಿನ ಮನೆ ತೋರಿಸಲು ಹೊರಟುಹೋಗಿರುತ್ತಾರೆ. ಎಲ್ಲೋ ಒಬ್ಬರು ಮಾತ್ರ ತಾವು ಹೇಳಿದ ಸುಳ್ಳಿನೊಳಗೇ ಸಂಸಾರ ಹೂಡಿ, ಅದನ್ನು ನಂಬಿದವನ ಪಾಲಿಗೆ ನಿಜವಾಗಿಸಲು, ಬದುಕಿರುವಷ್ಟು ಕಾಲ ಮೊಣಕಾಲು ಮಡಚಿಕೊಂಡು ಮಲಗುತ್ತಾರೆ.